ಚೈನ್ ಹಾಕೋದು ಅವಳೇ: ಹುಡುಗಿಯರಿಗೆ ಧೈರ್ಯ ಕೊಡುವ ಜಾಹೀರಾತು ಮಾಡುವುದು ಹೇಗೆ

ನಾನು ತುಮಕೂರಿನಲ್ಲಿ ಜಾಹೀರಾತು ಬರೆಯುವವಳು. ಸೈಕಲ್ ಅಂಗಡಿ, ಟ್ಯೂಷನ್ ಸೆಂಟರ್, ಬಟ್ಟೆ ಅಂಗಡಿ, ಸ್ವಸಹಾಯ ಸಂಘ, ಇಂಥವರೇ ನನ್ನ ಗಿರಾಕಿಗಳು. ಫ್ಲೆಕ್ಸ್‌ಗೆ ಎರಡು ಸಾಲು ಬೇಕು, ಲೋಕಲ್ ಕೇಬಲ್‌ಗೆ ಮೂವತ್ತು ಸೆಕೆಂಡ್ ಬೇಕು, ಆಟೋಗೆ ಮೈಕ್ ಕಟ್ಟಿ ಕೂಗಿಸುವುದಕ್ಕೆ ಒಂದು ನಿಮಿಷದ ಮಾತು ಬೇಕು. ಈಗಂತೂ ವಾಟ್ಸಾಪ್ ಸ್ಟೇಟಸ್ಸು, ರೀಲ್ಸೇ ಜಾಸ್ತಿ. ಜನವರಿ 24ರ ಹೆಣ್ಣುಮಕ್ಕಳ ದಿನ, ಮಾರ್ಚ್ 8ರ ಮಹಿಳಾ ದಿನ ಹತ್ತಿರ ಬಂದರೆ ಅಂಗಡಿಯವರ ಫೋನ್ ಶುರುವಾಗುತ್ತದೆ. "ಮೇಡಂ, ಹೆಣ್ಮಕ್ಕಳಿಗೆ ಧೈರ್ಯ ಬರೋ ಥರ ಒಂದು ಮಾಡ್ಕೊಡಿ" ಅನ್ನುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ಹೇಗೆ ಮಾಡಬೇಕು ಅನ್ನುವುದು ಅವರಿಗೂ ಗೊತ್ತಿರುವುದಿಲ್ಲ, ವಿಡಿಯೋ ಮಾಡುವ ಹುಡುಗರಿಗೂ ಗೊತ್ತಿರುವುದಿಲ್ಲ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶಾಲೆಯಲ್ಲಿ ಮಕ್ಕಳಿಂದ ಪೋಸ್ಟರ್ ಮಾಡಿಸುವ ಮೇಷ್ಟ್ರುಗಳಿಗೂ ಉಪಯೋಗವಾಗಬಹುದು.

ನಾನು ನಂಬಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಗಳಿದರೆ ಹುಡುಗಿಗೆ ಧೈರ್ಯ ಬರುವುದಿಲ್ಲ. ತನ್ನಂಥದ್ದೇ ಒಂದು ಹುಡುಗಿ ಒಂದು ಕೆಲಸವನ್ನು ಶುರುವಿನಿಂದ ಕೊನೆಯವರೆಗೆ ತಾನೇ ಮಾಡಿ ಮುಗಿಸುವುದನ್ನು ನೋಡಿದರೆ ಬರುತ್ತದೆ. ಮುಂದೆ ಹೇಳುವುದೆಲ್ಲ ಇದನ್ನು ಕ್ಯಾಮೆರಾದಲ್ಲಿ ತೋರಿಸುವುದು ಹೇಗೆ ಅನ್ನುವುದರ ಬಗ್ಗೆ.

ಮೊದಲು ಹಾಳೆ ಪೆನ್ನು ಹಿಡಿದು ಟಿವಿ ನೋಡಿ

ಸಂಜೆ ಧಾರಾವಾಹಿ ಹೊತ್ತಿನಲ್ಲಿ ಬರುವ ಜಾಹೀರಾತುಗಳನ್ನು ಮ್ಯೂಟ್ ಮಾಡಿ ನೋಡಿ. ಮಾತು, ಹಾಡು ಯಾವುದೂ ಕೇಳಿಸಬಾರದು. ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಹುಡುಗಿಯರು, ಹೆಂಗಸರು. ಬಲಕ್ಕೆ ಹುಡುಗರು, ಗಂಡಸರು. ಯಾರು ಏನು ಮಾಡಿದರು ಅನ್ನುವುದನ್ನು ಮಾತ್ರ ಬರೆಯಿರಿ. ಹೇಗೆ ಕಾಣುತ್ತಾರೆ ಅನ್ನುವುದು ಬೇಡ.

ಸ್ವಲ್ಪ ಹೊತ್ತಿಗೇ ಬಲಗಡೆ ತುಂಬುತ್ತದೆ. ಓಡಿದ, ಬಿದ್ದ, ಎದ್ದ, ಗೋಲ್ ಹೊಡೆದ, ಕಾರು ತಿರುಗಿಸಿದ, ಇನ್ಶೂರೆನ್ಸ್ ಪತ್ರಕ್ಕೆ ಸಹಿ ಹಾಕಿದ. ಎಡಗಡೆ ಏನಿರುತ್ತದೆ? ನಕ್ಕಳು, ಬಡಿಸಿದಳು, ಒಗೆದಳು, ಕನ್ನಡಿ ನೋಡಿಕೊಂಡಳು, ಚಪ್ಪಾಳೆ ತಟ್ಟಿದಳು. ಮಣ್ಣು ಮೆತ್ತಿಕೊಂಡು ಬಂದವನು ಮಗ, ಶರ್ಟು ಒಗೆದವಳು ಅಮ್ಮ. ಪುಡಿ ಬೆರೆಸಿದ ಹಾಲು ಕುಡಿದು ಎತ್ತರ ಆದವನು ಮಗ, ಲೋಟ ಹಿಡಿದು ನಿಂತವಳು ಅಮ್ಮ.

ಎಲ್ಲ ಜಾಹೀರಾತೂ ಹೀಗಿಲ್ಲ. ದೂರದರ್ಶನದ ಕಾಲದ ಸರ್ಫ್ ಲಲಿತಾಜಿ ನೆನಪಿದ್ದಾರಾ? ಒಗೆಯುವ ಪುಡಿಯದ್ದೇ ಜಾಹೀರಾತು. ಆದರೆ ಆಕೆ ಲೆಕ್ಕ ಹಾಕಿ, ಯೋಚಿಸಿ ಕೊಳ್ಳುತ್ತಿದ್ದ ಹೆಂಗಸು. ಅಂಗಡಿಯವನು ಹೇಳಿದ್ದನ್ನು ಸುಮ್ನೆ ಒಪ್ಪುತ್ತಿರಲಿಲ್ಲ. ಅಡುಗೆಮನೆ, ಬಟ್ಟೆ, ಬಕೆಟ್ ತೋರಿಸಿದರೆ ತಪ್ಪೇನಿಲ್ಲ. ಅವಳ ತಲೆ ಕೆಲಸ ಮಾಡುತ್ತಿದೆಯೇ, ಅವಳ ತೀರ್ಮಾನಕ್ಕೆ ಬೆಲೆ ಇದೆಯೇ, ಅದನ್ನು ನೋಡಬೇಕು.

ನಮ್ಮ ದೇಶದ ಜಾಹೀರಾತು ಉದ್ಯಮದವರು 1985ರಲ್ಲಿ ತಮ್ಮ ಜಾಹೀರಾತುಗಳ ಮೇಲೆ ಕಣ್ಣಿಡಲು ತಾವೇ ಕಟ್ಟಿಕೊಂಡ ಒಂದು ಸಂಸ್ಥೆ ಇದೆ, ಆಸ್ಕಿ (ASCI) ಅಂತ. 2022ರ ಜೂನ್‌ನಲ್ಲಿ ಅದು ಇದಕ್ಕೆಂದೇ ಮಾರ್ಗಸೂಚಿ ತಂದಿತು. ಹೆಂಗಸು ಅಡುಗೆ ಮಾಡುವುದನ್ನು ತೋರಿಸಬಹುದು, ಆದರೆ ಅದು ಹೆಂಗಸಿನದೇ ಕೆಲಸ, ಗಂಡಸಿನದಲ್ಲ ಅನ್ನುವಂತೆ ಇರಬಾರದು. ಹೆಣ್ಣು ಅನ್ನುವ ಕಾರಣಕ್ಕೆ ಅಥವಾ ಗಂಡು ಅನ್ನುವ ಕಾರಣಕ್ಕೆ ಒಂದು ಕೆಲಸ ಬರುವುದಿಲ್ಲ ಎಂದು ತೋರಿಸಬಾರದು. ರೂಢಿಯಂತೆ ನಡೆಯದವರನ್ನು ಗೇಲಿ ಮಾಡಬಾರದು. ನಿಮ್ಮದು ಊರ ಬಸ್ ಸ್ಟ್ಯಾಂಡಿನ ಫ್ಲೆಕ್ಸೇ ಆಗಿರಲಿ, ಬರೆಯುವ ಮೊದಲು ಈ ಮೂರನ್ನು ಒಮ್ಮೆ ಓದಿಕೊಳ್ಳಿ.

ಚೆನ್ನಾಗಿ ಮಾಡಿದವರು ಹೇಗೆ ಮಾಡಿದರು

2014ರಲ್ಲಿ ಅಮೆರಿಕದಲ್ಲಿ ಆಲ್ವೇಸ್ ಪ್ಯಾಡ್‌ನವರು ಒಂದು ವಿಡಿಯೋ ಬಿಟ್ಟರು. ನಮ್ಮಲ್ಲಿ ವಿಸ್ಪರ್ ಎಂದು ಬರುವುದು ಅದೇ ಕಂಪನಿಯದ್ದು. ಲಿಯೋ ಬರ್ನೆಟ್ ಏಜೆನ್ಸಿಗಾಗಿ ನಿರ್ದೇಶಿಸಿದವರು ಲಾರೆನ್ ಗ್ರೀನ್‌ಫೀಲ್ಡ್, ಸಾಕ್ಷ್ಯಚಿತ್ರ ಮಾಡುವವರು. 2015ರ ಫೆಬ್ರವರಿ 1ರಂದು ಅದರ ಅರವತ್ತು ಸೆಕೆಂಡಿನ ಆವೃತ್ತಿ ಅಮೆರಿಕನ್ ಫುಟ್‌ಬಾಲಿನ ಫೈನಲ್ ಆದ ಸೂಪರ್ ಬೌಲ್ ಪಂದ್ಯದ ನಡುವೆ ಬಂತು. ಅಲ್ಲಿ ಬಿಯರು, ಕಾರುಗಳ ಜಾಹೀರಾತು ಮೆರೆಯುವ ಹೊತ್ತದು. ಆ ವರ್ಷ ಅದಕ್ಕೆ ಅಲ್ಲಿನ ದೊಡ್ಡ ಟಿವಿ ಪ್ರಶಸ್ತಿಯಾದ ಎಮ್ಮಿಯೂ ಬಂತು.

ಅದನ್ನು ಕಟ್ಟಿದ ರೀತಿ ನೋಡಿ. ದೊಡ್ಡ ಹುಡುಗಿಯರನ್ನು, ಒಬ್ಬ ಯುವಕನನ್ನು, ಒಬ್ಬ ಪುಟ್ಟ ಹುಡುಗನನ್ನು ಕರೆದು ಹುಡುಗಿ ಥರ ಓಡಿ ತೋರಿಸಿ, ಹುಡುಗಿ ಥರ ಎಸೆದು ತೋರಿಸಿ ಅನ್ನುತ್ತಾರೆ. ಅವರು ಕೈ ಆಡಿಸಿಕೊಂಡು, ಕೂದಲು ಸರಿಮಾಡಿಕೊಂಡು, ಅತ್ತಿತ್ತ ತೇಲಾಡಿಕೊಂಡು ಓಡುತ್ತಾರೆ. ಆಮೇಲೆ ಚಿಕ್ಕ ಹುಡುಗಿಯರನ್ನು ಕರೆದು ಅದೇ ಮಾತು ಹೇಳುತ್ತಾರೆ. ಅವರು ಹಲ್ಲು ಕಚ್ಚಿ, ಇದ್ದಬದ್ದ ಶಕ್ತಿ ಹಾಕಿ ಓಡುತ್ತಾರೆ. ಹಾಗೆಂದರೆ ಏನು ಅಂತ ಒಂದು ಪುಟಾಣಿಯನ್ನು ಕೇಳಿದರೆ, ಎಷ್ಟು ಜೋರಾಗಿ ಆಗುತ್ತೋ ಅಷ್ಟು ಜೋರಾಗಿ ಓಡು ಅಂತ ಅರ್ಥ ಅನ್ನುತ್ತಾಳೆ. ಕೊನೆಗೆ ದೊಡ್ಡವರಿಗೆ ಇನ್ನೊಂದು ಸಲ ಓಡುವ ಅವಕಾಶ ಕೊಡುತ್ತಾರೆ.

ಇದರಿಂದ ನಾನು ತೆಗೆದುಕೊಂಡ ಪಾಠ ಹೀಗಿದೆ. ಅಲ್ಲಿ ಅಭಿಪ್ರಾಯ ಕೇಳುವ ಮೊದಲು ಮೈ ಕುಣಿಸಿ ತೋರಿಸಲು ಹೇಳಿದರು. ಬಾಯಲ್ಲಿ ಎಲ್ಲರೂ ಒಳ್ಳೆಯ ಉತ್ತರವನ್ನೇ ಕೊಡುತ್ತಾರೆ, ಅಲ್ವಾ? ಮೈ ಸುಳ್ಳು ಹೇಳುವುದಿಲ್ಲ. ಹತ್ತು ವರ್ಷದ ಹುಡುಗಿಗೂ ಹದಿನೆಂಟರವಳಿಗೂ ನಡುವೆ ಏನೋ ಕಳೆದುಹೋಗಿದೆ ಅನ್ನುವುದು ಒಂದು ಮಾತೂ ಇಲ್ಲದೆ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ "ಏನೋ, ಕೈಗೆ ಬಳೆ ತೊಟ್ಕೊಂಡಿದ್ದೀಯಾ?", "ಹುಡುಗಿ ಥರ ಅಳ್ತೀಯಲ್ಲೋ" ಎಂದು ದಿನಾ ಕೇಳುತ್ತೇವೆ. ನಿಮ್ಮೂರಲ್ಲೂ ಇಂಥದ್ದನ್ನು ಮಾಡಿ ನೋಡಬಹುದು. ಆದರೆ ಉತ್ತರವನ್ನು ಹೇಳಿಕೊಟ್ಟು ಹೇಳಿಸಬೇಡಿ. ಹೇಳಿಕೊಟ್ಟ ಉತ್ತರ ಮಗುವಿನ ಕಣ್ಣಿನಲ್ಲೇ ಗೊತ್ತಾಗುತ್ತದೆ.

ಇನ್ನೊಂದು ದಾರಿ ಕ್ಯಾಡ್‌ಬರಿಯವರದು. 1994ರಲ್ಲಿ ಒಂದು ಜಾಹೀರಾತು ಬಂತು. ಹುಡುಗ ಸಿಕ್ಸರ್ ಹೊಡೆಯುತ್ತಾನೆ, ಅವನ ಗೆಳತಿ ಕಾವಲಿನವನಿಂದ ತಪ್ಪಿಸಿಕೊಂಡು ಮೈದಾನಕ್ಕೆ ನುಗ್ಗಿ ಕುಣಿಯುತ್ತಾಳೆ. 2021ರಲ್ಲಿ ಅದನ್ನೇ ತಿರುಗಿಸಿ ಮಾಡಿದರು. ಸಿಕ್ಸರ್ ಹೊಡೆದವಳು ಹುಡುಗಿ, ಕುಣಿದು ಬಂದವನು ಹುಡುಗ. ಹಾಡು ಅದೇ, ಚಾಕೊಲೇಟ್ ಅದೇ. ಹಳೆಯದು ಜನರ ನೆನಪಿನಲ್ಲಿ ಗಟ್ಟಿಯಾಗಿದ್ದರೆ ಮಾತ್ರ ಈ ಉಪಾಯ ಕೆಲಸ ಮಾಡುತ್ತದೆ. ನಿಮ್ಮ ಅಂಗಡಿಯ ಹಳೇ ಜಾಹೀರಾತು ಊರಿಗೆಲ್ಲ ಬಾಯಿಪಾಠ ಆಗಿದ್ದರೆ ಅದನ್ನೇ ತಿರುಗಿಸಿ ನೋಡಿ. ಅಗ್ಗ, ಸುಲಭ.

ಏರಿಯಲ್‌ನವರ 2016ರ ಜಾಹೀರಾತು ಬೇರೆ ಥರ. ಆಫೀಸಿನಿಂದ ಬಂದ ಮಗಳು ಫೋನಿನಲ್ಲಿ ಮಾತಾಡುತ್ತಲೇ ಅಡುಗೆ, ಬಟ್ಟೆ, ಮಗು ಎಲ್ಲ ನೋಡಿಕೊಳ್ಳುವುದನ್ನು ಅಪ್ಪ ನೋಡುತ್ತಾನೆ. ನಾನು ನಿನ್ನ ಅಮ್ಮನಿಗೆ ಯಾವತ್ತೂ ಸಹಾಯ ಮಾಡಲಿಲ್ಲ, ನೀನು ಅದನ್ನೇ ನೋಡಿ ಬೆಳೆದೆ ಎಂದು ಅವಳಿಗೆ ಬರೆಯುತ್ತಾನೆ. ಅಲ್ಲಿ ಬದಲಾಗುವವನು ಅಪ್ಪ. ನಿಮ್ಮ ಜಾಹೀರಾತಿನಲ್ಲಿ ಬದಲಾಗಬೇಕಾದವರು ಯಾರು ಅನ್ನುವುದನ್ನು ಮೊದಲೇ ನಿಶ್ಚಯ ಮಾಡಿ. ಎಷ್ಟೋ ಸಲ ಹುಡುಗಿಗೆ ಧೈರ್ಯ ಇದ್ದೇ ಇರುತ್ತದೆ. ಗೇಟಿಗೆ ಬೀಗ ಹಾಕಿದವರು ಬೇರೆಯವರು.

ಹುಡುಗಿಯರ ಹತ್ತಿರ ಕೂತು ಕೇಳಿ

ನಾನು ಬರೆಯುವ ಮೊದಲು ಹೈಸ್ಕೂಲಿಗೆ ಹೋಗಿ ಹೆಡ್‌ಮಾಸ್ಟರ ಅನುಮತಿ ಪಡೆದು ಐದಾರು ಹುಡುಗಿಯರ ಜೊತೆ ಕೂರುತ್ತೇನೆ. ಒಬ್ಬ ಟೀಚರ್ ಕಣ್ಣಿಗೆ ಕಾಣುವಷ್ಟು ದೂರದಲ್ಲಿರುತ್ತಾರೆ, ಮಾತು ಕೇಳುವಷ್ಟು ಹತ್ತಿರ ಇರುವುದಿಲ್ಲ. "ನಿನ್ನ ಕನಸೇನಮ್ಮ?" ಅಂತ ಯಾವತ್ತೂ ಕೇಳುವುದಿಲ್ಲ. ಕೇಳಿದರೆ ಡಾಕ್ಟರ್, ಟೀಚರ್, ಐಎಎಸ್ ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. "ಹೋದ ವಾರ ಯಾರಾದ್ರೂ ನಿಂಗೆ 'ಬಿಡು, ನಿನ್ ಕೈಲಾಗಲ್ಲ' ಅಂದ್ರಾ? ಯಾವುದಕ್ಕೆ?" ಎಂದು ಕೇಳುತ್ತೇನೆ.

ಆಗ ಮಾತು ಬರುತ್ತದೆ. ಒಬ್ಬಳಿಗೆ ಗ್ಯಾಸ್ ಸಿಲಿಂಡರ್ ಬದಲಾಯಿಸಲು ಬಿಡುವುದಿಲ್ಲವಂತೆ, ಅವಳಿಗಿಂತ ಚಿಕ್ಕವನಾದ ತಮ್ಮ ಹಾಕುತ್ತಾನಂತೆ. ಇನ್ನೊಬ್ಬಳು ತೋಟದ ಮೋಟಾರ್ ಆನ್ ಮಾಡಲು ಹೋದರೆ ಅಜ್ಜಿ ಕಿರುಚುತ್ತಾರಂತೆ. ಒಬ್ಬಳು ಖೋಖೋದಲ್ಲಿ ತಾಲ್ಲೂಕು ಮಟ್ಟಕ್ಕೆ ಹೋದವಳು. ದೊಡ್ಡವಳಾದ ಮೇಲೆ ಸಂಜೆ ಪ್ರಾಕ್ಟೀಸ್ ನಿಂತಿದೆ. ಯಾರೂ ಬೇಡ ಅಂದಿಲ್ಲವಂತೆ, "ಕತ್ತಲಾಗುತ್ತೆ" ಅಂದರಂತೆ. ಬ್ಯಾಂಕಿಗೆ ಹೋಗುವುದು ಅಣ್ಣ. ಫೋನ್ ರಿಪೇರಿಗೆ ಕೊಡುವುದು ಅಣ್ಣ. ಮೀಟರ್ ಓದಲು ಬಂದವನ ಹತ್ತಿರ ಮಾತಾಡುವುದೂ ಅಣ್ಣ.

ಇವೇ ನಿಮ್ಮ ಕಥೆಗಳು. ವಿಮಾನ ಹಾರಿಸುವ ಹುಡುಗಿ ಚೆಂದವೇ, ಆದರೆ ನೋಡುವ ಹುಡುಗಿಗೆ ಅಲ್ಲಿಗೆ ಹೋಗುವ ದಾರಿ ಕಾಣುವುದಿಲ್ಲ. ಸಿಲಿಂಡರಿನ ರೆಗ್ಯುಲೇಟರ್ ಕೂರಿಸುವ ಹುಡುಗಿಯನ್ನು ನೋಡಿದರೆ ನಾಳೆ ಬೆಳಗ್ಗೆಯೇ ಅವಳೂ ಕೈ ಹಾಕಬಹುದು.

ಮಾತು ಕಥೆಗೆ ಬಳಸುವುದಾದರೆ ಹೆಸರು, ಊರು ಬದಲಿಸಿ. ಆ ಮಕ್ಕಳಿಗೆ ಮೊದಲೇ ಹಾಗಂತ ಹೇಳಿ.

ಒಂದು ಮೂವತ್ತು ಸೆಕೆಂಡು, ಬಿಡಿಸಿ ಹೇಳುತ್ತೇನೆ

ಸೈಕಲ್ ಅಂಗಡಿಯೊಂದಕ್ಕೆ ಮಾಡಿದ್ದು. ಯಜಮಾನರು ತಂದಿದ್ದ ಐಡಿಯಾ ಹೀಗಿತ್ತು. ಹುಡುಗಿ ಪಿಂಕ್ ಸೈಕಲ್ ಮೇಲೆ ಬರುತ್ತಾಳೆ, ಗಾಳಿಗೆ ದುಪಟ್ಟಾ ಹಾರುತ್ತದೆ, "ನಿನ್ನ ಕನಸಿಗೆ ರೆಕ್ಕೆ" ಎಂದು ಬರುತ್ತದೆ. ನಾನು ಒಂದೇ ಪ್ರಶ್ನೆ ಕೇಳಿದೆ: "ಸಾರ್, ಇದರಲ್ಲಿ ಅವಳು ಏನ್ ಮಾಡ್ತಾಳೆ?" ಸ್ವಲ್ಪ ಯೋಚಿಸಿ "ಬರ್ತಾಳೆ" ಅಂದರು. ಅಲ್ಲಿಂದ ಕೆಲಸ ಶುರುವಾಯಿತು.

ನಾವು ಬರೆದದ್ದು ಇದು. ಬೆಳಗ್ಗೆ, ಹೊಲದ ಪಕ್ಕದ ರಸ್ತೆ. ಸಮವಸ್ತ್ರ, ಎರಡು ಜಡೆ, ರಿಬ್ಬನ್. ಹುಡುಗಿ ಜೋರಾಗಿ ತುಳಿಯುತ್ತಿದ್ದಾಳೆ. ಚೈನ್ ಬೀಳುತ್ತದೆ. ಹಿಂದಿನಿಂದ ಬೈಕಿನಲ್ಲಿ ಬಂದ ಒಬ್ಬರು ನಿಧಾನ ಮಾಡಿ "ಏನಮ್ಮ, ಚೈನ್ ಬಿತ್ತಾ? ಇರು" ಅನ್ನುತ್ತಾರೆ. ಅವಳು "ಹೂಂ ಅಂಕಲ್, ನಾನೇ ಹಾಕ್ತೀನಿ" ಅನ್ನುತ್ತಾಳೆ. ಸೈಕಲ್ಲನ್ನು ಸೀಟು ಹ್ಯಾಂಡಲ್ ಮೇಲೆ ಬೋರಲು ಹಾಕುತ್ತಾಳೆ. ಚೈನನ್ನು ಹಲ್ಲಿಗೆ ಸಿಕ್ಕಿಸಿ ಪೆಡಲ್ ತಿರುಗಿಸುತ್ತಾಳೆ. ಜಾರುತ್ತದೆ. ಇನ್ನೊಮ್ಮೆ. ಕೂರುತ್ತದೆ. ಹಿಂದಿನ ಚಕ್ರ ಗರಗರ ತಿರುಗುತ್ತದೆ. ರಸ್ತೆ ಬದಿಯ ಎಲೆ ಕಿತ್ತು ಕೈ ಒರೆಸಿಕೊಂಡು ಹತ್ತಿ ಹೊರಡುತ್ತಾಳೆ.

ಹಿನ್ನೆಲೆ ಮಾತು ಕೊನೆಯಲ್ಲಿ ಮಾತ್ರ: "ಇವಳು ಒಂಬತ್ತನೇ ಕ್ಲಾಸು. ಸ್ಕೂಲಿಗೆ ಐದು ಕಿಲೋಮೀಟರ್. ಬೆಲ್ ಹೊಡೆಯೋಕೆ ಮುಂಚೆ ತಲುಪ್ತಾಳೆ." ಆಮೇಲೆ ಅಂಗಡಿಯ ಹೆಸರು.

ಶೂಟಿಂಗ್ ದಿನ ಚೈನ್ ಜಾರುವ ಭಾಗ ತೆಗೆದುಬಿಡೋಣ ಎಂದು ಕ್ಯಾಮೆರಾ ಹುಡುಗ ಹೇಳಿದ. ಮೂರು ಸೆಕೆಂಡ್ ಉಳಿಯುತ್ತದೆ ಅನ್ನುವುದು ಅವನ ಲೆಕ್ಕ. ನಾನು ಬಿಡಲಿಲ್ಲ. ಇಡೀ ಜಾಹೀರಾತಿನಲ್ಲಿ ನನಗೆ ಬೇಕಾದದ್ದೇ ಆ ಮೂರು ಸೆಕೆಂಡ್. ಮೊದಲ ಸಲಕ್ಕೇ ಕೂತುಬಿಟ್ಟರೆ ನೋಡುವ ಹುಡುಗಿ "ಅವಳಿಗೆ ಬರುತ್ತೆ, ನಂಗೆ ಬರಲ್ಲ" ಅಂದುಕೊಳ್ಳುತ್ತಾಳೆ. ಜಾರಿ, ಮುಖ ಸಿಂಡರಿಸಿ, ಮತ್ತೆ ಹಾಕುವುದನ್ನು ನೋಡಿದರೆ ಕೆಲಸ ಹೇಗೆ ಕೈಗೆ ಬರುತ್ತದೆ ಅನ್ನುವುದೂ ಕಾಣುತ್ತದೆ.

ಕೈಯದ್ದೂ ಒಂದು ಮಾತು. ಕರಿ ಗ್ರೀಸ್ ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಹತ್ತಿತ್ತು. ಮೇಕಪ್‌ಗೆ ಬಂದವರು ಒರೆಸಲು ಟಿಶ್ಯೂ ತಂದರು. "ಅಕ್ಕ, ಕ್ಲೋಸಪ್ಪಲ್ಲಿ ಕೊಳಕಾಗಿ ಕಾಣುತ್ತೆ" ಅಂದರು. ಆ ಹುಡುಗಿಗೆ ನಿಜಕ್ಕೂ ಚೈನ್ ಹಾಕಲು ಬರುತ್ತಿತ್ತು, ಅದಕ್ಕೇ ಅವಳನ್ನು ಆರಿಸಿದ್ದು. ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡು "ಇರಲಿ ಬಿಡಿ, ಹಿಂಗೇ ಆಗೋದು" ಅಂದಳು. ಆ ಕೈಯನ್ನೇ ಹತ್ತಿರದಿಂದ ತೆಗೆದೆವು. ಉಗುರಿನ ಸಂದಿಯಲ್ಲಿ ಗ್ರೀಸು, ಬೆರಳಿಗೆ ಚೈನಿನ ಅಚ್ಚು. ಫ್ಲೆಕ್ಸ್‌ಗೂ ಅದೇ ಚಿತ್ರ ಹಾಕಿದೆವು. ಮುಖ ಇಲ್ಲ, ಬರೀ ಕೈ ಮತ್ತು ಚೈನು.

ಯಜಮಾನರಿಗೆ ನಾನು ಒಂದು ಷರತ್ತು ಹಾಕಿದ್ದೆ. ಜಾಹೀರಾತಿನಲ್ಲಿ ಹೇಳಿದ್ದಕ್ಕೆ ಅಂಗಡಿಯಲ್ಲಿ ಏನಾದರೂ ಆಧಾರ ಇರಬೇಕು. ಅವರು ಒಪ್ಪಿ, ಭಾನುವಾರ ಬೆಳಗ್ಗೆ ಅಂಗಡಿ ಮುಂದೆ ಚೈನ್ ಹಾಕುವುದು, ಬ್ರೇಕ್ ಬಿಗಿ ಮಾಡುವುದು, ಪಂಕ್ಚರ್ ಹಾಕುವುದು ಹೇಳಿಕೊಟ್ಟರು. ಹುಡುಗಿಯರೂ ಬಂದರು, ಹುಡುಗರೂ ಬಂದರು, ಇಬ್ಬರು ಅಮ್ಮಂದಿರೂ ಬಂದರು. ಈ ಭಾಗವನ್ನು ದಯವಿಟ್ಟು ಬಿಡಬೇಡಿ. ಮಹಿಳಾ ದಿನದಂದು ಫ್ಲೆಕ್ಸ್ ಕಟ್ಟಿ, ಮಾರನೇ ದಿನ ಕೆಲಸ ಕೇಳಿಕೊಂಡು ಬಂದ ಹುಡುಗಿಗೆ "ಕೌಂಟರಿಗೆ ಹುಡುಗರೇ ಬೇಕು" ಅಂದರೆ ಆ ಫ್ಲೆಕ್ಸ್ ಸುಳ್ಳಾಗುತ್ತದೆ. ದೊಡ್ಡ ಕಂಪನಿಗಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಡವ್ ಹೆಸರಿನಲ್ಲಿ 2004ರಿಂದ ಎಲ್ಲ ಥರದ ಮೈ, ಎಲ್ಲ ಥರದ ಚರ್ಮ ಚೆಂದ ಎಂದು ಹೇಳುತ್ತಾ ಬಂದ ಯೂನಿಲಿವರ್ ಕಂಪನಿಯೇ ನಮ್ಮಲ್ಲಿ ಫೇರ್ ಅಂಡ್ ಲವ್ಲಿ ಮಾರುತ್ತಿತ್ತು. ಅದರ ಹೆಸರು ಗ್ಲೋ ಅಂಡ್ ಲವ್ಲಿ ಆದದ್ದು 2020ರಲ್ಲಿ. ಜನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು, ಕೇಳಿದರು. ಕೇಳಲೇಬೇಕಿತ್ತು.

ಬರೆಯುವಾಗ ಯಾವುದು ಬೇಡ

ಮೂವತ್ತು ಸೆಕೆಂಡಿಗೆ ಕನ್ನಡದಲ್ಲಿ ಐವತ್ತು ಪದ ಹೆಚ್ಚೇ. ನಮ್ಮ ಪದಗಳು ಉದ್ದ. ಇಂಗ್ಲಿಷ್ ಸ್ಕ್ರಿಪ್ಟನ್ನು ಕನ್ನಡಕ್ಕೆ ಹಾಕಿ ಅಷ್ಟೇ ಹೊತ್ತಿಗೆ ಓದಿಸಿದರೆ ಪಾಪ, ದನಿ ಕೊಡುವವರಿಗೆ ಉಸಿರು ಕಟ್ಟುತ್ತದೆ. ಕೆಲಸ ಕಣ್ಣಿಗೆ ಕಾಣುತ್ತಿದ್ದರೆ ಮಾತು ತಾನಾಗಿಯೇ ಕಡಿಮೆಯಾಗುತ್ತದೆ.

"ಅಬಲೆಯಲ್ಲ, ಸಬಲೆ", "ಹೆಣ್ಣು ಕ್ಷಮಯಾ ಧರಿತ್ರಿ", "ಮನೆಯ ನಂದಾದೀಪ". ಇಂಥ ಸಾಲುಗಳನ್ನು ನಾನು ಹೊಡೆದುಹಾಕುತ್ತೇನೆ. ಹದಿಮೂರು ವರ್ಷದ ಹುಡುಗಿಗೆ ಅವು ಭಾಷಣದಂತೆ ಕೇಳಿಸುತ್ತವೆ.

ಎಲ್ಲಕ್ಕಿಂತ ನನಗೆ ನೋವು ಕೊಡುವುದು "ನಮ್ಮ ಮಗಳು ಗಂಡುಮಗ ಇದ್ದ ಹಾಗೆ" ಅನ್ನುವ ಸಾಲು. ಪ್ರೀತಿಯಿಂದಲೇ ಹೇಳುತ್ತಾರೆ, ಎಷ್ಟೋ ಅಪ್ಪಂದಿರು ಕಣ್ಣು ತುಂಬಿಕೊಂಡು ಹೇಳುತ್ತಾರೆ. ಆದರೆ ಮಗಳು ಒಳ್ಳೆಯ ಕೆಲಸ ಮಾಡಿದ ಕೂಡಲೇ ಅದನ್ನು ಇಲ್ಲದ ಮಗನ ಲೆಕ್ಕಕ್ಕೆ ಬರೆದ ಹಾಗಾಯಿತು. "ನನ್ ಮಗಳು ಮೋಟಾರ್ ರಿಪೇರಿ ಮಾಡ್ತಾಳೆ" ಅಂದರೆ ಸಾಕು. ಅಲ್ಲಿಗೆ ಪೂರ್ಣವಿರಾಮ ಹಾಕಿ.

ಹುಡುಗರನ್ನು ದಡ್ಡರಾಗಿ ತೋರಿಸಿ ಹುಡುಗಿಯನ್ನು ಮೇಲೆತ್ತುವುದೂ ಬೇಡ. ಅದು ಹಳೇ ಗೇಲಿಯನ್ನೇ ಆ ಕಡೆ ತಿರುಗಿಸಿದಂತೆ. ನಮ್ಮ ಸೈಕಲ್ ಜಾಹೀರಾತಿನ ಬೈಕಿನವರು ಒಳ್ಳೆಯವರು, ಸಹಾಯಕ್ಕೆ ನಿಂತವರು. ಅವರು "ಸರಿ ಮಗಳೇ" ಎಂದು ಹೋಗುತ್ತಾರೆ. ನಿಂತು ಸಲಹೆ ಕೊಡುವುದಿಲ್ಲ, ಅಷ್ಟೇ. ಇಂಥ ಅಂಕಲ್ ಒಬ್ಬರನ್ನು ತೋರಿಸಿದರೆ ನಿಜವಾದ ಅಂಕಲ್‌ಗಳೂ ಕಲಿಯುತ್ತಾರೆ.

ಯಾರನ್ನು ಆರಿಸಬೇಕು, ಹೇಗೆ ನೋಡಿಕೊಳ್ಳಬೇಕು

ಆ ಕೆಲಸ ನಿಜವಾಗಿ ಬರುವ ಹುಡುಗಿಯನ್ನೇ ಹುಡುಕಿ. 2016ರಲ್ಲಿ ನೈಕಿಯವರು ಭಾರತಕ್ಕೆಂದು ಮಾಡಿದ ಜಾಹೀರಾತಿನಲ್ಲಿ ದೀಪಿಕಾ ಪಡುಕೋಣೆ ಜೊತೆಗೆ ಹಾಕಿಯ ರಾಣಿ ರಾಂಪಾಲ್, ಸ್ಕ್ವಾಷ್‌ನ ಜೋಶ್ನಾ ಚಿನ್ನಪ್ಪ ಇದ್ದರು. ಆಡಿ ಬೆಳೆದ ಮೈ ಕ್ಯಾಮೆರಾದಲ್ಲಿ ಬೇರೆಯೇ ಥರ ಕಾಣುತ್ತದೆ, ದೀಪಿಕಾ ಕೂಡ ಚಿಕ್ಕಂದಿನಲ್ಲಿ ಬ್ಯಾಡ್ಮಿಂಟನ್ ಆಡಿದವರೇ. ನಿಮ್ಮೂರಲ್ಲೂ ಅಂಥ ಹುಡುಗಿಯರಿದ್ದಾರೆ. ಪಿಇಟಿ ಮೇಷ್ಟ್ರನ್ನು ಕೇಳಿದರೆ ಹೆಸರು ಹೇಳುತ್ತಾರೆ.

ಬಣ್ಣದ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ. ಅವಳು ಕಪ್ಪಗಿದ್ದರೆ ಕಪ್ಪಗೇ ಕಾಣಲಿ. ಪೌಡರ್ ಬಳಿಯುವುದು, ಎಡಿಟಿಂಗ್‌ನಲ್ಲಿ ಬಿಳಿ ಮಾಡುವುದು, ಬ್ಯೂಟಿ ಫಿಲ್ಟರ್, ಯಾವುದೂ ಬೇಡ. ವಿಡಿಯೋ ಮಾಡುವವರಿಗೆ ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಕೆಲವು ಫೋನುಗಳಲ್ಲಿ ಫಿಲ್ಟರ್ ತಾನೇ ಆನ್ ಆಗಿರುತ್ತದೆ. ಚರ್ಮದ ಬಣ್ಣದ ಮೇಲೆ ಯಾರನ್ನೂ ಕೀಳಾಗಿ ತೋರಿಸಬಾರದು ಎಂದು ಆಸ್ಕಿ 2014ರಲ್ಲೇ ಹೇಳಿದೆ. ಮಕ್ಕಳಿಗೆ ತಮ್ಮ ಮೈ ಬಗ್ಗೆ ಕೀಳರಿಮೆ ಬರುವಂತೆ ಜಾಹೀರಾತು ಇರಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯಲ್ಲೂ ಇದೆ.

ದನಿಯೂ ಅವಳದ್ದೇ ಇರಲಿ. ತುಮಕೂರಿನ ಹುಡುಗಿಗೆ ಬೆಂಗಳೂರಿನ ಸ್ಟುಡಿಯೋದಲ್ಲಿ ಬೇರೆಯವರಿಂದ ಡಬ್ ಮಾಡಿಸಬೇಡಿ. ಕ್ಯಾಮೆರಾ ಅವಳ ಕಣ್ಣಿನ ಮಟ್ಟದಲ್ಲಿ ಇರಲಿ, ಮೇಲಿನಿಂದ ಬೇಡ.

ಈಗ ಕಾನೂನು. 14 ವರ್ಷದೊಳಗಿನ ಮಕ್ಕಳನ್ನು ಜಾಹೀರಾತಿನಲ್ಲಿ ಬಳಸುವುದಾದರೆ 2017ರ ನಿಯಮಗಳ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ದಿನಕ್ಕೆ ಐದು ಗಂಟೆ ಮೀರಬಾರದು, ವಿಶ್ರಾಂತಿ ಇಲ್ಲದೆ ಒಂದೇ ಸಮನೆ ಮೂರು ಗಂಟೆಗಿಂತ ಹೆಚ್ಚು ದುಡಿಸಬಾರದು. ಓದು ತಪ್ಪಬಾರದು. ಸಂಪಾದನೆಯಲ್ಲಿ ಕನಿಷ್ಠ 20% ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಮಗುವಿಗೆ ಇಷ್ಟವಿಲ್ಲದಿದ್ದರೆ, ಅಪ್ಪ ಅಮ್ಮ ಒಪ್ಪಿದರೂ ಮಾಡಿಸುವಂತಿಲ್ಲ. ಇದನ್ನು ಓದಿ "ಇಷ್ಟೆಲ್ಲ ಯಾಕೆ, ಒಂದು ರೀಲ್ ತಾನೇ" ಅನ್ನುವವರಿದ್ದಾರೆ. ಹುಡುಗಿಯ ಆತ್ಮವಿಶ್ವಾಸದ ಬಗ್ಗೆ ಜಾಹೀರಾತು ಮಾಡುವ ಜಾಗದಲ್ಲೇ ಅವಳ ಮಾತಿಗೆ ಬೆಲೆ ಇಲ್ಲದಿದ್ದರೆ ಆ ಕೆಲಸ ಯಾಕೆ ಬೇಕು? ವಯಸ್ಸು 14 ದಾಟಿದ್ದರೂ ನಾನು ಹುಡುಗಿಯನ್ನೇ ಬೇರೆಯಾಗಿ ಕೂರಿಸಿ ಕೇಳುತ್ತೇನೆ. ಮುಗಿದ ಮೇಲೆ ವಿಡಿಯೋವನ್ನು ಮೊದಲು ತೋರಿಸುವುದೂ ಅವಳಿಗೇ.

ಪ್ಯಾಡ್ ಜಾಹೀರಾತು ಬಂದರೆ

ನಮ್ಮ ಕಡೆ ಪ್ಯಾಡ್ ತಯಾರಿಸುವ ಸ್ವಸಹಾಯ ಸಂಘಗಳಿವೆ, ಅವರೂ ಕೇಳುತ್ತಾರೆ. 2014ರಲ್ಲಿ ವಿಸ್ಪರ್‌ನವರು ಮುಟ್ಟಾದಾಗ ಉಪ್ಪಿನಕಾಯಿ ಮುಟ್ಟಬಾರದು ಅನ್ನುವ ನಂಬಿಕೆಯನ್ನೇ ಹಿಡಿದು, ಮುಟ್ಟಿ ನೋಡಿ ಎಂದು ಹೇಳಿದರು. ಮರುವರ್ಷ ಕಾನ್ ಜಾಹೀರಾತು ಉತ್ಸವದಲ್ಲಿ, ಲಿಂಗ ತಾರತಮ್ಯ ಪ್ರಶ್ನಿಸುವ ಜಾಹೀರಾತುಗಳಿಗೆಂದೇ ಆ ಸಲ ಹೊಸದಾಗಿ ಶುರುವಾದ ಗ್ಲಾಸ್ ಲಯನ್ ವಿಭಾಗದ ಮೊದಲ ಗ್ರಾಂಡ್ ಪ್ರಿ, ಅಂದರೆ ಅತಿ ದೊಡ್ಡ ಬಹುಮಾನ, ಅದಕ್ಕೆ ಬಂತು. ಒಂದು ಭರಣಿ, ಒಂದು ಕೈ. ನಮ್ಮಜ್ಜಿ ಮನೆಯಿಂದ ಹಿಡಿದು ಎಲ್ಲರ ಮನೆಯಲ್ಲೂ ಇರುವ ವಸ್ತು. ಅಷ್ಟು ಹತ್ತಿರದ್ದನ್ನು ಹಿಡಿದದ್ದರಿಂದಲೇ ಅದು ತಾಗಿತು.

ರಕ್ತದ ಬದಲು ನೀಲಿ ನೀರು ಸುರಿದು ತೋರಿಸುವುದನ್ನು ಬಿಡಿ. ಬ್ರಿಟನ್ನಿನ ಬಾಡಿಫಾರ್ಮ್ ಪ್ಯಾಡ್‌ನ ಜಾಹೀರಾತು 2017ರಲ್ಲೇ ಕೆಂಪು ಬಣ್ಣ ತೋರಿಸಿತು, ಆಕಾಶವೇನೂ ಕಳಚಿ ಬೀಳಲಿಲ್ಲ. "ಆ ದಿನಗಳು" ಅನ್ನದೆ "ಮುಟ್ಟು" ಎಂದೇ ಬರೆಯಿರಿ. ಜೊತೆಗೆ ಮಾಹಿತಿ ಕೊಡಿ: ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು, ಬಳಸಿದ್ದನ್ನು ಎಲ್ಲಿ ಹಾಕಬೇಕು, ಬೆಲೆ ಎಷ್ಟು. ಹನ್ನೆರಡು ವರ್ಷದ ಹುಡುಗಿಗೆ ಮೊದಲ ಸಲ ಹೆದರಿಕೆ ಆಗುವುದು ಏನೂ ಗೊತ್ತಿಲ್ಲದ್ದಕ್ಕೆ. ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ. ಬಿಳಿ ಪ್ಯಾಂಟ್ ಹಾಕಿ ಜಿಗಿಯುವ ಹುಡುಗಿಯನ್ನು ಮಾತ್ರ ತೋರಿಸಬೇಡಿ. ಹೊಟ್ಟೆನೋವು ನಿಜ. ಮಲಗಿಕೊಳ್ಳಬೇಕು ಅನ್ನಿಸುವವಳೂ ಧೈರ್ಯವಂತೆಯೇ. ನೋವಿದ್ದರೆ ಟೀಚರ್ ಹತ್ತಿರ ಹೋಗಿ ನಾಚಿಕೊಳ್ಳದೆ "ಮಿಸ್, ನಾನು ಮುಟ್ಟಾಗಿದ್ದೀನಿ, ಸ್ವಲ್ಪ ಹೊತ್ತು ಮಲಗ್ಲಾ?" ಎಂದು ಕೇಳುವ ಹುಡುಗಿಯನ್ನು ಒಮ್ಮೆ ತೋರಿಸಿ ನೋಡಿ.

ಬಿಡುವ ಮೊದಲು, ಬಿಟ್ಟ ಮೇಲೆ

ಮುಗಿದ ವಿಡಿಯೋವನ್ನು ಬೇರೆ ಶಾಲೆಯ ಹುಡುಗಿಯರಿಗೆ ಸೌಂಡ್ ಇಲ್ಲದೆ ತೋರಿಸಿ. "ಹೇಗಿದೆ?" ಅನ್ನಬೇಡಿ. "ಇವಳು ಏನ್ ಮಾಡಿದ್ಲು?" ಎಂದು ಕೇಳಿ. "ಚೈನ್ ಹಾಕಿದ್ಲು" ಅಂದರೆ ಜಾಹೀರಾತು ಸರಿಯಾಗಿದೆ. "ಚೆನ್ನಾಗಿದ್ದಾಳೆ" ಅಂದರೆ ಮತ್ತೆ ಎಡಿಟಿಂಗ್‌ಗೆ ಕೂರಿ. ಹುಡುಗರಿಗೂ ತೋರಿಸಿ, ಅವರು ಎಲ್ಲಿ ನಗುತ್ತಾರೆ ನೋಡಿ. ಅವಳ ಜೊತೆ ನಕ್ಕರೆ ಸರಿ, ಅವಳನ್ನು ನೋಡಿ ನಕ್ಕರೆ ಆ ಶಾಟ್ ಬದಲಿಸಿ.

ಅಂಗಡಿಯವರು "ನಮ್ಗೆ ಗಿರಾಕಿ ಅಂದ್ರೆ ಅಪ್ಪಂದಿರು ಮೇಡಂ, ಹುಡುಗಿ ತೋರಿಸಿದ್ರೆ ಬರ್ತಾರಾ?" ಅನ್ನಬಹುದು. ಅಪ್ಪನಿಗೂ ಮಗಳು ಸ್ಕೂಲಿಗೆ ಹೊತ್ತಿಗೆ ಸರಿಯಾಗಿ ಸೇರಬೇಕು, ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳಬಾರದು ಅನ್ನುವ ಚಿಂತೆ ಇರುತ್ತದೆ. ಚೈನ್ ಹಾಕಲು ಬರುವ ಮಗಳು ಆ ಚಿಂತೆಗೇ ಉತ್ತರ ಎಂದು ಹೇಳಿ.

ವಿಡಿಯೋದಲ್ಲಿ ಶಾಲೆಯ ಬ್ಯಾಡ್ಜ್, ಬೋರ್ಡು, ಸೈಕಲ್ ಮೇಲೆ ಬರೆದ ಹೆಸರು ಕಾಣದಂತೆ ನೋಡಿಕೊಳ್ಳಿ. ಹುಡುಗಿಯ ಹೆಸರು ಹಾಕಬೇಡಿ, ಅವಳ ಅಕೌಂಟ್ ಟ್ಯಾಗ್ ಮಾಡಬೇಡಿ. ಮೊದಲ ಎರಡು ದಿನ ಕಾಮೆಂಟ್‌ಗಳನ್ನು ಯಾರಾದರೂ ಕೂತು ನೋಡಲಿ. ಕೆಟ್ಟದಾಗಿ ಬರೆದದ್ದನ್ನು ಕೂಡಲೇ ಅಳಿಸಿ, ಬರೆದವರನ್ನು ಬ್ಲಾಕ್ ಮಾಡಿ. ಕೈಮೀರಿದರೆ ಕಾಮೆಂಟ್ ಆಫ್ ಮಾಡಿ. ಲೈಕ್ಸ್ ಕಡಿಮೆಯಾದರೆ ಆಗಲಿ.

ಬೇರೆಯವರ ಜಾಹೀರಾತು ಹುಡುಗಿಯರನ್ನು ಕೀಳಾಗಿ ತೋರಿಸಿದ್ದರೆ ಆಸ್ಕಿಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ದೂರು ಕೊಡಬಹುದು. ಎಲ್ಲಿ, ಯಾವಾಗ ಬಂತು ಅನ್ನುವುದನ್ನು ಬರೆದು, ಫೋಟೋ ಅಥವಾ ಲಿಂಕ್ ಹಾಕಿ, ಯಾವ ಮಾತು ಅಥವಾ ಯಾವ ದೃಶ್ಯ ತಪ್ಪು ಎಂದು ತಿಳಿಸಿ.

ನನ್ನ ನೋಟ್‌ಬುಕ್ಕಿನಲ್ಲಿ ಹುಡುಗಿಯರು ಹೇಳಿದ, ಇನ್ನೂ ಬಳಸದ ದೃಶ್ಯಗಳಿವೆ. ಬೇಕಾದವರು ತೆಗೆದುಕೊಳ್ಳಿ. ಹಾರ್ಡ್‌ವೇರ್ ಅಂಗಡಿಗೆ: ಕರೆಂಟ್ ಹೋದಾಗ ಟಾರ್ಚ್ ಹಿಡಿದು ಫ್ಯೂಸ್ ನೋಡುವ ಅಮ್ಮ, ಪಕ್ಕದಲ್ಲಿ ಕಲಿಯುತ್ತಾ ನಿಂತ ಮಗಳು. ಬ್ಯಾಂಕಿಗೆ: ಅಜ್ಜಿಯ ಪಿಂಚಣಿ ಚೀಟಿ ತುಂಬಿ, ಕೌಂಟರಿನಲ್ಲಿ "ಸಾರ್, ಇದು ಯಾಕೆ ಕಟ್ ಆಗಿದೆ?" ಎಂದು ಕೇಳುವ ಹತ್ತನೇ ಕ್ಲಾಸಿನ ಹುಡುಗಿ. ಕ್ರೀಡಾ ಸಾಮಾನಿನ ಅಂಗಡಿಗೆ: ಸಂಜೆ ಖೋಖೋ ಮುಗಿಯುವ ಹೊತ್ತಿಗೆ ಬೈಕ್ ಲೈಟ್ ಹಾಕಿಕೊಂಡು ಮೈದಾನದ ಪಕ್ಕ ಕಾಯುವ ಅಪ್ಪಂದಿರ ಸಾಲು, ಒಳಗೆ ಇನ್ನೂ ಓಡುತ್ತಲೇ ಇರುವ ಹುಡುಗಿಯರು.